ತೂಬು ಎತ್ತುವ ಹೊತ್ತು

ಹಿಂದಿನ ಸಂಜೆ, ಮಂಡ್ಯದ ಆಸ್ಪತ್ರೆಯ ವಾರ್ಡಿನಲ್ಲಿ
ಮಂಚದ ಅಂಚಿಗೆ ಕೂತು ಸಣ್ಣಮಂಚಯ್ಯ ನನಗೇ ಪಾಠ ಹೇಳಿದ್ದ.
ಮೂವತ್ತೊಂದು ವರ್ಷ ನೀರಗಂಟಿ, ಪಾಂಡವಪುರದ ಕಡೆ.
"ತೂಬ್ನ ಒಂದೇ ಸಲಕ್ಕೆ ಎತ್ಬಾರ್ದು ಕಣವ್ವ,
ದಿಗಿಲು ಬಿದ್ದಂಗೆ ನುಗ್ತದೆ ನೀರು, ಏರಿ ಕಿತ್ಕೊಂಡೋಯ್ತದೆ.
ಚೂರು ಎತ್ತು, ಬೀಡಿ ಹಚ್ಚು,
ಬೀಡಿ ಮುಗಿಯೋಗಂಟ ನೋಡು,
ಆಮೇಲೆ ಇನ್ನೊಂಚೂರು."

ಬೀಡಿ ಬಿಟ್ಟು ಎಷ್ಟು ದಿನವಾಯ್ತು ಅಂದೆ.
ಉಗುಳು ನುಂಗಿದ. ಮಾವಿನಕಾಯಿ ಗಾತ್ರದ ಗಡ್ಡೆ
ಕುತ್ತಿಗೆಯಲ್ಲಿ ಮೇಲೇರಿ ಇಳಿಯಿತು.
ಬಿ.ಪಿ. ನೂರ ಅರವತ್ತನಾಲ್ಕು, ಕೆಳಗೆ ತೊಂಬತ್ತೆಂಟು.
ಮಾತ್ರೆ ತಗೊಳ್ಳುತ್ತಾನಂತೆ, ನೆನಪಾದ ದಿನ.
ಅವನು ಕೇಳಿದ್ದು ಒಂದೇ:
"ನನ್ ಕೂಗು ಉಳೀತದಾ?
ರಾತ್ರಿ ಏರಿ ಮೇಲೆ ನಿಂತು ನೀರು ಬಂತು ಅಂದ್ರೆ
ಕೊನೇ ಗದ್ದೆಯೋರ್ಗೂ ಕೇಳ್ಬೇಕು."

ಈಗ ಗಡ್ಡೆ ಸ್ಟೀಲಿನ ತಟ್ಟೆಯಲ್ಲಿದೆ.
ಡಾಕ್ಟರ್ ಉತ್ತಪ್ಪ ಗ್ಲೌಸು ಕಳಚಿ, ಗಂಟೆ ನೋಡಿ,
ಮುಂದಿನ ಕೇಸು ಕರೆಸಲಾ ಅನ್ನುತ್ತಾರೆ.
ಅವರದು ಮುಗಿಯಿತು.

ನಿದ್ದೆ ತೆಳುವಾಗುತ್ತಿದ್ದಂತೆ ಗಂಟಲಿಗೆ ಗೊತ್ತಾಗುತ್ತದೆ
ತನ್ನೊಳಗೆ ಪರರ ನಳಿಕೆಯೊಂದು ಬಿದ್ದುಕೊಂಡಿದೆ ಎಂದು.
ಮೊದಲು ಕೆಮ್ಮು, ಅದರ ಹಿಂದೆ ಎದೆ, ಎದೆಯ ಹಿಂದೆ ರಕ್ತ.
ಒಂದು ಜೋರು ಕೆಮ್ಮಿಗೆ ಹೊಸ ಗಂಟು ಬಿಚ್ಚಿ
ಹೊಲಿದ ಕುತ್ತಿಗೆಯೊಳಗೇ ತುಂಬಿಕೊಂಡು
ಉಸಿರಿನ ದಾರಿಯನ್ನು ಹೊರಗಿನಿಂದ ಹಿಸುಕಬಹುದು.

ಪರದೆಯ ಮೇಲೆ ಎಪ್ಪತ್ತೆಂಟು. ಎಂಬತ್ತಾರು.
ಹಸಿರು ಗೆರೆಯ ಗುಡ್ಡಗಳು ಒತ್ತೊತ್ತಾಗುತ್ತವೆ.
ನೂರ ಹತ್ತು.
ತೋಳಿನ ಪಟ್ಟಿ ಗೊರ್ ಎಂದು ಉಬ್ಬಿ
ನೂರ ಎಪ್ಪತ್ತೆರಡು ಅನ್ನುತ್ತದೆ.
"ತೆಗೆಯೋಣವಾ ಮೇಡಂ?" ಟೆಕ್ನಿಶಿಯನ್ ಪುಟ್ಟಮಾದು,
ಕೈಯಲ್ಲಿ ಖಾಲಿ ಸಿರಿಂಜು.
ತಾಳು.

ಗಂಟಲ ಸಿಟ್ಟಿಗೆ ಲಿಗ್ನೊಕೇನ್ ಆಗಲೇ ಕೊಟ್ಟಾಗಿದೆ.
ಎಸ್ಮೊಲಾಲ್ ಈಗ, ಹೆಬ್ಬೆರಳಿನ ತೂಕವಷ್ಟೇ ಇಟ್ಟು,
ಚೂರು. ಇನ್ನೊಂಚೂರು.
ಹೆಚ್ಚಾದರೆ ಹೃದಯ ಮಂಕಾದೀತು, ಕಡಿಮೆಯಾದರೆ ಏರಿ ಒಡೆದೀತು.
ನನ್ನ ಬಳಿ ಬೀಡಿಯಿಲ್ಲ,
ಗೋಡೆ ಗಡಿಯಾರದ ಕೆಂಪು ಮುಳ್ಳಿದೆ,
ಅದೊಂದು ಸುತ್ತು ಬರಲಿ.

ಯಾರೋ ಕತ್ತರಿ ಬೀಳಿಸಿದರು. ಶ್! ಅಂದೆ,
ತೊಟ್ಟಿಲು ಕಟ್ಟಿದ ಮನೆಯಲ್ಲಿ ಅನ್ನುವ ಹಾಗೆ.

ತೊಂಬತ್ತೆರಡು. ಎಂಬತ್ತೈದು.
ನೂರ ಮೂವತ್ತೆಂಟು, ಕೆಳಗೆ ಎಂಬತ್ತನಾಲ್ಕು.
ಮಂಚಯ್ಯ, ಕಣ್ಣು ಬಿಡಿ. ಬಿಟ್ಟ.
ಕೈ ಹಿಚುಕಿ ಅಂದೆ:
ಗೇಟಿನ ಚಕ್ರ ತಿರುಗಿಸಿದ ಕೈ, ನನ್ನ ಬೆರಳು ಮುರಿಯುವುದೊಂದು ಬಾಕಿ.
ಈಗ.
ಬಲೂನಿನ ಗಾಳಿ ಇಳಿಸಿ, ಅಂಟುಪಟ್ಟಿ ಬಿಡಿಸಿ,
ಉಸಿರು ತುಂಬಿದ ತುದಿಯಲ್ಲಿ ಎಳೆದೆ.
ಕೆಸರಿನಿಂದ ತಾವರೆಯ ದಂಟು ಬಂದಂತೆ
ಬಾಗಿದಲ್ಲಿ ಬಾಗಿ, ಜೊಲ್ಲಿನ ಎಳೆ ಹಿಡಿದು
ಹೊರಬಂತು ನಳಿಕೆ.

ಒಂದು ಕೆಮ್ಮು. ಒಂದೇ.
ಪಟ್ಟಿ ಮತ್ತೆ ಉಬ್ಬಿ ಇಳಿಯುವವರೆಗೂ
ಅವನ ಕುತ್ತಿಗೆಯನ್ನೇ ನೋಡುತ್ತ ನಿಂತೆ.
ಬ್ಯಾಂಡೇಜು ಬೆಳ್ಳಗೇ ಇತ್ತು. ನೂರ ನಲವತ್ತೆರಡು.

ಆಮ್ಲಜನಕದ ಮಾಸ್ಕಿನೊಳಗೆ ಆವಿ ಬಂತು, ಹೋಯಿತು.
ಏನೋ ಅನ್ನುತ್ತಿದ್ದ. ಕಿವಿ ಹತ್ತಿರ ಒಯ್ದೆ.
ಕಾಯಿಸದ ತಮಟೆಯಂಥ ದನಿ, ಆದರೂ ದನಿ:
"ಮೂರ್ನೇ ತೂಬು... ಯಾರ್ ಮುಚ್ಚುದ್ರು?"

ಪುಟ್ಟಮಾದು ಆ ಸೀಮೆಯವನೇ.
"ಮುಚ್ಚವ್ರೆ, ಮಲ್ಕಳಪ್ಪ" ಅಂದ,
ಕಂಡವನ ಹಾಗೆ.
ಆ ಸುಳ್ಳಿಗೆ, ನನ್ನ ಔಷಧಿಗಿಂತ ಚೆನ್ನಾಗಿ,
ನಾಡಿ ಎಪ್ಪತ್ತಾರಕ್ಕೆ ಇಳಿಯಿತು.

ಚಾರ್ಟಿನಲ್ಲಿ ವೇಳೆ ಬರೆದೆ. ಹನ್ನೆರಡು ಇಪ್ಪತ್ತು.
ಮುಂದಿನ ಟ್ರಾಲಿ ಆಗಲೇ ಬಾಗಿಲಿಗೆ ಬಂದಿತ್ತು.
ಅದರ ಮೇಲೊಂದು ಹುಡುಗಿ, ಛಾವಣಿ ನೋಡುತ್ತ.
ಉಗುರಿನ ಬಣ್ಣ ಯಾರೂ ತೆಗೆಸಿರಲಿಲ್ಲ.